ಬಾಗಿಲು ಮುಚ್ಚಿದವರು ಯಾರು, ಸ್ವಾಮಿ?

ಗೋರೆಗಾಂವ್‌ನಲ್ಲಿ ನಾವು ನಾಲ್ಕು ಮಂದಿ ಊರಿನವರು ಸೇರಿದರೆ ಮಾತು ಎಲ್ಲಿಂದಲೋ ಶುರುವಾಗಿ ಬಾಸೆಲ್ ಮಿಷನ್ ಶಾಲೆಗಳ ತನಕ ಬಂದೇ ಬರುತ್ತದೆ. "ಶಾಲೆ ಬರೀ ನೆಪ, ಮಾಡಿದ್ದು ಮತಾಂತರ" ಅಂತ ಒಬ್ಬರು. "ಅವರು ಬಾರದಿದ್ದರೆ ನಮಗೆ ಅಕ್ಷರವೇ ಇರುತ್ತಿರಲಿಲ್ಲ" ಅಂತ ಇನ್ನೊಬ್ಬರು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವ. ಒಂದೇ ಬದಿ ಬರೆದ ಲೆಡ್ಜರನ್ನು ಪಾಸ್ ಮಾಡಲಾರೆ. ಈ ಎರಡು ಮಾತೂ ಅಂಥವೇ.

ಮೊದಲು ಮತಾಂತರ. ಅದೇನು ಗುಟ್ಟೇ? 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದೇ ಅದಕ್ಕೆ. 1844ರಲ್ಲಿ ಅವರ ಇಂಗ್ಲಿಷ್ ಶಾಲೆಯ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಮನೆಯವರ ಸಂಕಟ ಸುಳ್ಳಲ್ಲ. ಅದನ್ನು ಖರ್ಚಿನ ಬದಿ ಬರೆಯಲೇಬೇಕು.

ಇನ್ನು ಜಮಾ ಬದಿ. ಮೊಗ್ಲಿಂಗ್ 1843ರಲ್ಲಿ ತಂದ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು ಎಲ್ಲರಿಗೂ ಗೊತ್ತು. ಆದರೆ ಅಕ್ಷರವನ್ನೇ ಅವರು ತಂದರು ಎನ್ನುವುದು ತಪ್ಪು. ಕನ್ನಡಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿ ಅಕ್ಷರವಿತ್ತು, ಐಗಳ ಮಠಗಳೂ ಇದ್ದವು. ಪ್ರಶ್ನೆ ಇದ್ದದ್ದು, ಒಳಗೆ ಯಾರಿಗೆ ಜಾಗ ಅಂತ.

ಉತ್ತರಕ್ಕೆ ಧಾರವಾಡಕ್ಕೆ ಹೋಗಬೇಕು. ಆಗ ಅದು ಮುಂಬಯಿ ಪ್ರಾಂತ್ಯದಲ್ಲಿತ್ತು. 1856ರಲ್ಲಿ ಒಬ್ಬ ಮಹಾರ್ ಹುಡುಗ ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ನ್ಯಾಯ ಅವನ ಕಡೆ ಇದೆಯೆಂದು ಮುಂಬಯಿ ಸರಕಾರ ಒಪ್ಪಿತು. ಆದರೂ ಸೇರಿಸಲಿಲ್ಲ! ಒಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಡುತ್ತಾರೆ ಎಂಬ ಭಯ. ಸರಕಾರಿ ಶಾಲೆ ಎಲ್ಲ ವರ್ಗದವರಿಗೂ ಎಂದು 1858ರಲ್ಲಿ ಲಂಡನ್ನಿನಿಂದ ಕಂಪನಿಯ ನಿರ್ದೇಶಕರು ಬರೆದರು. ಕಾಗದದ ಮಾತು ಬೆಂಚಿನ ತನಕ ಬರಲು ದಶಕಗಳೇ ಬೇಕಾದವು.

ಹೇಳಿ, ಸರಕಾರ ಹೆದರಿದ್ದು ಯಾರಿಗೆ? ಪಾದ್ರಿಗಳಿಗಲ್ಲ. ನಮ್ಮ ಅಜ್ಜಂದಿರಂಥವರಿಗೆ. ಒಂದು ಬಾಗಿಲು ಮುಚ್ಚಿ, ಇನ್ನೊಂದು ಬಾಗಿಲಿಗೆ ಹೋದವನನ್ನು "ಆಮಿಷಕ್ಕೆ ಬಿದ್ದ" ಎನ್ನುವುದು ಯಾವ ನ್ಯಾಯ?

ಆಮಿಷದ ಮಾತು ಕಲಿಯುವವನಿಗೆ ಬುದ್ಧಿಯೇ ಇಲ್ಲ ಎಂದಂತೆ. ಅಮೆರಿಕದ ಚೆರೋಕಿ ಜನರನ್ನು ನೋಡಿ. 1801ರಲ್ಲಿ ಅವರ ನಾಡಿಗೆ ಮೊರೇವಿಯನ್ ಪಾದ್ರಿಗಳು ಬಂದರು. ಶಾಲೆ ತಡವಾದಾಗ ಚೆರೋಕಿ ಮುಖಂಡರು, ಶಾಲೆ ತೆರೆಯಿರಿ, ಇಲ್ಲವಾದರೆ ಜಾಗ ಖಾಲಿ ಮಾಡಿ ಎಂದುಬಿಟ್ಟರು. 1804ರಲ್ಲಿ ಶಾಲೆ ತೆರೆಯಿತು. ಅವರಿಗೆ ಬೇಕಿದ್ದದ್ದು ಬಿಳಿಯರ ಜತೆ ವ್ಯವಹರಿಸಲು ಅಕ್ಷರ. 1821ರ ಹೊತ್ತಿಗೆ, ಇಂಗ್ಲಿಷ್ ಓದಲು ಬಾರದ ಸೆಕ್ವೋಯಾ ಎಂಬವನು ತನ್ನ ಭಾಷೆಗೆ ತಾನೇ ಲಿಪಿ ಮಾಡಿದ. 1828ರಲ್ಲಿ ಅದರಲ್ಲಿ ಪತ್ರಿಕೆಯೂ ಬಂತು. ಕಲಿಯುವವನಿಗೂ ತನ್ನದೇ ಲೆಕ್ಕ ಇರುತ್ತದೆ.

ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರಿಗೆ ಇದು ಅರ್ಥವಾಗಿತ್ತು. ಅವರೂ ಸಾರಸ್ವತರೇ. ಮತ ಬದಲಿಸದೆ, ಬದಲಿಸಲೂ ಹೇಳದೆ, 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಪಾದ್ರಿಗಳು ಬಂದು ಆಗಲೇ 58 ವರ್ಷ! ಅಷ್ಟು ವರ್ಷ ನಾವೇನು ಮಾಡುತ್ತಿದ್ದೆವು?

ಮಿಷನ್ನನ್ನು ಬೈಯಿರಿ, ಬೇಡ ಅನ್ನಲಾರೆ. ಆದರೆ ಧಾರವಾಡದ ಆ ಹುಡುಗನ ಅರ್ಜಿಗೆ ಮೊದಲು ಉತ್ತರ ಕೊಟ್ಟು ಆಮೇಲೆ ಬೈಯಿರಿ. ನೀವೇನಂತೀರಿ?