ಹಳೆ ಬೈಕಿನ ಹಿಂಬದಿ ಎತ್ತುವುದು ಸರಿಯೇ?

ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಮೈಸೂರಿನ ಐಡಿಯಲ್ ಜಾವ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿಯ ಕಥೆಯೂ ಆಗ ಅಲ್ಲಿಗೆ ನಿಂತಿತು. ಆದರೂ ಪುತ್ತೂರು, ಸುಳ್ಯ, ಕಡಬದ ಕಡೆ ಈ ಬೈಕುಗಳು ಇನ್ನೂ ಓಡುತ್ತಿವೆ. ಕೆಲವು ತೋಟದ ಕೆಲಸಕ್ಕೆ, ಕೆಲವು ಭಾನುವಾರದ ಬಿಸಿಲೆ ಘಾಟಿಗೆ, ಕೆಲವು ಪುತ್ತೂರು ಜಾತ್ರೆಯ ದಿನ ನಾಲ್ಕು ಜನರ ಕಣ್ಣಿಗೆ ಬೀಳಲಿಕ್ಕೆ. ಇವುಗಳಿಗೆ ಮಾಡಿಸುವ ಮಾರ್ಪಾಡುಗಳಲ್ಲಿ ಹೆಚ್ಚು ಜಗಳ ಹುಟ್ಟಿಸುವುದು ಹಿಂದಿನ ಶಾಕ್ ಅಬ್ಸಾರ್ಬರ್. ಉದ್ದದ ಶಾಕ್ ಹಾಕಿ ಹಿಂಬದಿ ಎತ್ತುವವರಿದ್ದಾರೆ, ಗಿಡ್ಡದ್ದು ಹಾಕಿ ತಗ್ಗಿಸುವವರಿದ್ದಾರೆ. ಎರಡು ಶಾಕನ್ನೂ ಕಿತ್ತು ನಡುವೆ ಒಂದೇ ಒಂದು ಮೋನೋಶಾಕ್ ಕೂರಿಸುವವರೂ ಇದ್ದಾರೆ. ಚಂದಕ್ಕಾಗಿ ಇದನ್ನೆಲ್ಲ ಮಾಡಬಹುದೇ? ಎರಡೂ ಕಡೆಯ ವಾದ ಇಲ್ಲಿದೆ. ನನ್ನ ಒಲವು ಯಾವ ಕಡೆ ಎಂಬುದು ಓದುತ್ತ ಹೋದಂತೆ ತಿಳಿದೀತು, ಅದನ್ನು ಮುಚ್ಚಿಡುವ ಇರಾದೆ ನನಗಿಲ್ಲ.

ಪರ: ಬೈಕ್ ನಮ್ಮದು, ದಾರಿಯೂ ನಮ್ಮದು

ಹಳೆ ಬೈಕನ್ನು ಇದ್ದ ಹಾಗೆಯೇ ಇಡಿ ಎನ್ನುವವರಿಗೆ ಒಂದು ಪ್ರಶ್ನೆ. ಅದು ಇದ್ದ ಹಾಗೆ ಉಳಿದಿದೆಯೇ ಮಾರಾಯ್ರೆ? ಮೂವತ್ತು ವರ್ಷ ಕಳೆದ ಶಾಕಿನ ಒಳಗಿನ ಎಣ್ಣೆ ಎಂದೋ ಸೋರಿ ಹೋಗಿರುತ್ತದೆ. ಉಳಿದಿರುವುದು ಬರೀ ಸ್ಪ್ರಿಂಗ್. ಒಂದು ಹಂಪ್ ದಾಟಿದರೆ ಹಿಂಬದಿ ಮೂರು ಸಲ ಕುಣಿಯುತ್ತದೆ. ಕಂಪನಿಯ ಮಾಲು ಸಿಗುವುದು ನಿಂತು ಕಾಲವಾಯಿತು. ಅಂಗಡಿಯಲ್ಲಿ 'ಒರಿಜಿನಲ್' ಎಂದು ಕೊಡುವುದು ಬಹಳ ಸಲ ಇನ್ಯಾರೋ ಮಾಡಿದ ನಕಲು. ಹಾಗಾಗಿ ಬದಲಿಸುವುದೋ ಬೇಡವೋ ಎಂಬ ಚರ್ಚೆಗೆ ಅರ್ಥವೇ ಇಲ್ಲ, ಯಾವುದನ್ನು ಹಾಕುವುದು ಎಂಬುದಷ್ಟೇ ಮಾತು.

ಇನ್ನು ನಮ್ಮ ದಾರಿ. ಉತ್ತರದ ಬಯಲಿನಲ್ಲಿ ಕುಳಿತು 98 ಸಿಸಿಯ ಬೈಕ್ ಮಾಡಿದವರು ಕಾಣಿಯೂರಿನಿಂದ ಒಳಗೆ ತಿರುಗುವ ತೋಟದ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಲ್ಲ. ಎರಡು ಪಟ್ಟಿ ಕಾಂಕ್ರೀಟ್, ನಡುವೆ ಹುಲ್ಲು, ಆಮೇಲೆ ಅದೂ ಮುಗಿದು ಮುರಕಲ್ಲಿನ ಇಳಿಜಾರು. ಹಿಂದಿನ ಸೀಟಿನಲ್ಲಿ ಒಂದು ದಿನ ಅಡಿಕೆ ಮೂಟೆ, ಇನ್ನೊಂದು ದಿನ ಮೈಲುತುತ್ತಿನ ಚೀಲ, ಬೆಳಿಗ್ಗೆ ಸೊಸೈಟಿಗೆ ಹಾಲಿನ ಕ್ಯಾನ್. ಹಳೆ ಶಾಕ್ ಇಂಥ ಭಾರಕ್ಕೆ ಪೂರಾ ಕುಸಿದು ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತದೆ. ಪಲ್ಸರಿನ ಗ್ಯಾಸ್ ಶಾಕ್ ಹಾಕಿ, ಸ್ವಲ್ಪ ಎತ್ತರವೂ ಸಿಕ್ಕಿದರೆ ಸೈಲೆನ್ಸರ್ ಕಲ್ಲಿಗೆ ಬಡಿಯುವುದು ತಪ್ಪುತ್ತದೆ. ಇದರಲ್ಲಿ ಶೋಕಿ ಎಲ್ಲಿ ಉಂಟು?

ಹಿಂಬದಿ ಎತ್ತಿದರೆ ಬೈಕ್ ಹಾಳು ಎನ್ನುವುದನ್ನೂ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಹಿಂದೆ ಎತ್ತರವಾದರೆ ಮುಂದಿನ ಚಕ್ರದ ಮೇಲೆ ಭಾರ ಹೆಚ್ಚು ಬೀಳುತ್ತದೆ, ಹ್ಯಾಂಡಲ್ ಬೇಗ ತಿರುಗುತ್ತದೆ. ರೇಸಿನ ಬೈಕುಗಳು ಮೂಗು ತಗ್ಗಿಸಿ, ಬಾಲ ಎತ್ತಿ ನಿಲ್ಲುವುದು ಸುಮ್ಮನೆ ಅಲ್ಲ. ಸಂಪಾಜೆ ದಾಟಿ ಮಡಿಕೇರಿಗೆ ಏರುವ ತಿರುವುಗಳಲ್ಲಿ ಎರಡನ್ನೂ ಓಡಿಸಿ ನೋಡಿದವರಿಗೆ ವ್ಯತ್ಯಾಸ ಗೊತ್ತು.

ಮೋನೋಶಾಕ್ ಎಂದರೆ ಮೂಗು ಮುರಿಯುವವರಿಗೆ ಯಮಹಾದ ಇತಿಹಾಸವನ್ನೇ ನೆನಪಿಸಬೇಕು. ಬೆಲ್ಜಿಯಂನ ಲೂಸಿಯೆನ್ ಟಿಲ್ಕೆನ್ಸ್ ಎಂಬಾತನ ಕಲ್ಪನೆಯನ್ನು ಯಮಹಾ ಕೊಂಡುಕೊಂಡಿತು. 1973ರಲ್ಲಿ ಹೋಕನ್ ಆಂಡರ್ಸನ್ ಆ ಶಾಕ್ ಇದ್ದ ಯಮಹಾ ಬೈಕಿನಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದ. ನಮ್ಮ ದೇಶದಲ್ಲಿ 2004ರ ಹೋಂಡಾ ಯೂನಿಕಾರ್ನ್, 2008ರ ಯಮಹಾ ಎಫ್‌ಜೆಡ್ ಬಂದ ಮೇಲೆ ಮೋನೋಶಾಕ್ ಮನೆಮಾತಾಯಿತು. ಅದೇ ಕಂಪನಿಯ ಮಗನ ಶಾಕನ್ನು ಅಪ್ಪನಿಗೆ ಹಾಕಿದರೆ ಅಪರಾಧವೇ?

ಇಷ್ಟರ ಮೇಲೆ, ಚಂದಕ್ಕೆಂದೇ ಮಾಡಿಸಿದರೂ ಏನಂತೆ? ಕಂಬಳದ ಕೋಣವನ್ನು ಸಿಂಗರಿಸಿ ಗದ್ದೆಗೆ ಇಳಿಸುವ ಊರು ನಮ್ಮದು. ಸಿಂಗಾರದಿಂದ ಕೋಣದ ಓಟ ನಿಧಾನವಾದದ್ದನ್ನು ಯಾರೂ ಕಂಡಿಲ್ಲ. ಅಪ್ಪನ ಆರ್‌ಎಕ್ಸ್ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ಗುಜರಿಗೆ ಹೋಗದೆ ಇವತ್ತಿಗೂ ರಸ್ತೆಯಲ್ಲಿದ್ದರೆ, ಅದು ಮಗನ ಕಣ್ಣಿಗೆ ಚಂದ ಕಂಡ ಕಾರಣಕ್ಕೇ.

ವಿರೋಧ: ಕೋಣದ ಹಿಂಗಾಲನ್ನು ಯಾರೂ ಉದ್ದ ಮಾಡಿಸುವುದಿಲ್ಲ

ಸತ್ತ ಶಾಕ್ ಬದಲಿಸಬೇಕು. ಭಾರ ಹೊರುವವರು ಗಟ್ಟಿ ಶಾಕ್ ಹಾಕಿಸಿಕೊಳ್ಳಬೇಕು. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಅಡಿಕೆ ಮೂಟೆಯ ಹೆಸರಿನಲ್ಲಿ ಶುರುವಾದ ಮಾತು ಜಾತ್ರೆಗದ್ದೆಯಲ್ಲಿ ಬಂದು ನಿಂತಿತಲ್ಲ, ಜಗಳ ಅಲ್ಲಿ. ಶಾಕ್ ಹೊಸದಾದರೆ ತೊಂದರೆಯಿಲ್ಲ. ಅದರ ಉದ್ದ ಬದಲಾದರೆ, ಅದು ಕೂರುವ ಜಾಗ ಬದಲಾದರೆ ಬೈಕೇ ಬೇರೆಯಾಗುತ್ತದೆ.

ಲೆಕ್ಕ ಸರಳ. ಆರ್‌ಎಕ್ಸ್ 100ರ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1240 ಮಿ.ಮೀ. ಹಿಂದೆ ಒಂದು ಇಂಚು ಎತ್ತಿದರೆ ಇಡೀ ಬೈಕ್ ಮುಂದಕ್ಕೆ ಒಂದು ಡಿಗ್ರಿಗಿಂತ ತುಸು ಹೆಚ್ಚು ಬಾಗುತ್ತದೆ, ಮುಂದಿನ ಫೋರ್ಕ್ ಅಷ್ಟೇ ನೆಟ್ಟಗಾಗುತ್ತದೆ. ಹ್ಯಾಂಡಲ್ ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಎರಡರ ನಡುವಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಚಕ್ರವನ್ನು ನೇರ ದಾರಿಯಲ್ಲಿ ಹಿಡಿದಿಡುವುದು ಇದೇ. ಒಂದು ಇಂಚಿಗೆ ಅದರಲ್ಲಿ ಆರೇಳು ಮಿ.ಮೀ. ಕಡಿಮೆಯಾಗುತ್ತದೆ, ಎರಡು ಇಂಚಿಗೆ ಅದರ ದುಪ್ಪಟ್ಟು. ತಿರುವಿನಲ್ಲಿ ಹಗುರ ಅನ್ನಿಸುವ ಆ ಹ್ಯಾಂಡಲೇ ಮಾಣಿ–ಮೈಸೂರು ಹೆದ್ದಾರಿಯಲ್ಲಿ ಎದುರಿನ ಲಾರಿಯ ಗಾಳಿ ಬಡಿದಾಗ ನಡುಗುತ್ತದೆ. ರೇಸಿನ ಬೈಕಿಗೆ ಅದನ್ನು ತಾಳುವ ಫ್ರೇಮ್, ಅಗಲದ ಟಯರ್, ಡಿಸ್ಕ್ ಬ್ರೇಕ್ ಇವೆ. ನಮ್ಮದು 103 ಕಿಲೋ ತೂಕದ, ಸಪುರ ಟಯರಿನ, ಮುಂದೂ ಹಿಂದೂ ಡ್ರಮ್ ಬ್ರೇಕಿನ ಬೈಕ್.

ಬ್ರೇಕಿನ ಮಾತು ಇನ್ನೂ ಮುಖ್ಯ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗುತ್ತದೆ, ಹಿಂಬದಿ ಎತ್ತರವಾಗಿದ್ದರೆ ಇನ್ನಷ್ಟು ಹೋಗುತ್ತದೆ. ಹಗುರಾದ ಹಿಂದಿನ ಚಕ್ರ ಬೇಗ ಕಚ್ಚಿಕೊಂಡು ಜಾರುತ್ತದೆ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ನಾಡಿನಲ್ಲಿ, ಜೂನ್ ಕಳೆದ ಮೇಲೆ ಹಾವಸೆ ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ ಅದು ಹೇಗೆ ಮುಗಿಯುತ್ತದೆಂದು ಬರೆದು ತಿಳಿಸಬೇಕಾಗಿಲ್ಲ.

ಸಣ್ಣಪುಟ್ಟದ್ದು ಬೇರೆ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಕೆಳಮುಖವಾಗಿ ಚೈನ್ ಅದರ ಬುಡಕ್ಕೆ ಉಜ್ಜುತ್ತದೆ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ, ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಬೈಕ್ ತಾನಾಗಿಯೇ ಮಲಗುತ್ತದೆ. ಹೆಡ್‌ಲೈಟ್ ನೆಲ ನೋಡುತ್ತದೆ: ಆ ಒಂದು ಡಿಗ್ರಿಗೇ ಬೆಳಕು ಹೋಗುವ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅದನ್ನು ಮತ್ತೆ ಹೊಂದಿಸಬಹುದು, ನಿಜ. ಹೊಂದಿಸಿಕೊಂಡವರು ಕಾಣಸಿಗುವುದು ಅಪರೂಪ. ಗುಂಡ್ಯದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿ ಆನೆ ದಾಟುವ ದಾರಿ ಎಂಬುದು ನೆನಪಿರಲಿ.

ತಗ್ಗಿಸುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಹಂಪಿನಲ್ಲೂ ಸೆಂಟರ್ ಸ್ಟ್ಯಾಂಡ್ ಬಡಿಯುವ ಸದ್ದು ಅವರಿಗೇ ಕೇಳುತ್ತದೆ.

ಮೋನೋಶಾಕಿನ ವಾದ ಕೇಳಲು ಚೆನ್ನಾಗಿದೆ, ಅರ್ಧ ಮಾತ್ರ ಹೇಳಿದ್ದಾರೆ. ಟಿಲ್ಕೆನ್ಸ್ ಕಲ್ಪನೆಯನ್ನು ಯಮಹಾ ಹಳೆ ಫ್ರೇಮಿಗೆ ಬೆಸೆಯಲಿಲ್ಲ. ತ್ರಿಕೋನಾಕಾರದ ಹೊಸ ಸ್ವಿಂಗ್ ಆರ್ಮ್ ಮಾಡಿತು, ಉದ್ದದ ಶಾಕನ್ನು ಪೆಟ್ರೋಲ್ ಟ್ಯಾಂಕಿನ ಅಡಿಗೆ ಒರಗಿಸಿತು, ಫ್ರೇಮನ್ನೇ ಅದಕ್ಕೆ ತಕ್ಕಂತೆ ಕಟ್ಟಿತು. ಆರ್‌ಎಕ್ಸಿನಲ್ಲಿ ಶಾಕ್ ಇರುವುದು ಹಿಂದಿನ ಆಕ್ಸಲಿನ ಹತ್ತಿರ. ಅದನ್ನು ಸ್ವಿಂಗ್ ಆರ್ಮಿನ ಅರ್ಧಕ್ಕೆ ತಂದರೆ ಹಾರೆಯ ಲೆಕ್ಕ ಬದಲಾಗುತ್ತದೆ. ಶಾಕ್ ಅರ್ಧದಷ್ಟೇ ಚಲಿಸುತ್ತದೆ, ಅದರ ಮೇಲಿನ ಒತ್ತಡ ಎರಡು ಪಟ್ಟಾಗುತ್ತದೆ, ಮೊದಲಿನ ಮೆದುತನವೇ ಬೇಕೆಂದರೆ ಹಿಂದಿನ ಎರಡೂ ಸ್ಪ್ರಿಂಗ್ ಸೇರಿದ್ದಕ್ಕಿಂತ ನಾಲ್ಕು ಪಟ್ಟು ಗಟ್ಟಿಯ ಸ್ಪ್ರಿಂಗ್ ಬೇಕು. ನಡುವೆ ಇಂಥ ಒತ್ತಡ ಬೀಳುತ್ತದೆಂದು ಹಳೆ ಸ್ವಿಂಗ್ ಆರ್ಮಿನ ಪೈಪನ್ನು ಮಾಡಿಲ್ಲ. ಮೇಲ್ತುದಿಯನ್ನು ಬೆಸೆಯುವ ಜಾಗದಲ್ಲಿ ಫ್ರೇಮಿಗೂ ಆ ತಾಕತ್ತಿಲ್ಲ. ವೆಲ್ಡಿಂಗ್ ಬಿಸಿಗೆ ಅದರ ಅಂಚಿನ ಕಬ್ಬಿಣದ ಗುಣ ಬದಲಾಗಿರುತ್ತದೆ. ಬಿರುಕು ಹುಟ್ಟುವುದು ಅಲ್ಲೇ, ಬಣ್ಣದ ಅಡಿಯಲ್ಲಿ, ಕಣ್ಣಿಗೆ ಕಾಣದ ಹಾಗೆ. ಇನ್ನು ಎಫ್‌ಜೆಡ್‌ನ ಶಾಕ್ ತಂದು ಹಾಕುತ್ತಾರೆ. ಆ ಬೈಕ್ ಆರ್‌ಎಕ್ಸಿಗಿಂತ ಮೂವತ್ತು ಕಿಲೋಗೂ ಹೆಚ್ಚು ಭಾರ. ಅದಕ್ಕೆಂದು ಅಳೆದ ಸ್ಪ್ರಿಂಗ್ ಇದಕ್ಕೆ ಹೊಂದುತ್ತದೆಂದು ಯಾವ ಲೆಕ್ಕದಲ್ಲಿ ನಂಬುವುದು?

ಕಾನೂನನ್ನೂ ಮರೆಯುವಂತಿಲ್ಲ. ಆರ್‌ಸಿಯಲ್ಲಿ ಬರೆದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿತು. ಅದೇ ಅಳತೆಯ ಶಾಕ್ ಬದಲಿಸಿದರೆ ಯಾರೂ ಕೇಳುವುದಿಲ್ಲ. ಸ್ವಿಂಗ್ ಆರ್ಮ್ ಬದಲಿಸಿ ಚಕ್ರಗಳ ನಡುವಿನ ಅಂತರ ಹೆಚ್ಚುಕಡಿಮೆಯಾದರೆ ಅದು ಆರ್‌ಸಿಯಲ್ಲೇ ಬರೆದಿರುವ ಸಂಗತಿ. ಹದಿನೈದು ವರ್ಷ ದಾಟಿದ ಬೈಕನ್ನು ಐದೈದು ವರ್ಷಕ್ಕೊಮ್ಮೆ ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ ತೋರಿಸಲೇಬೇಕು. ಜಾಲ್ಸೂರಿನಿಂದ ಕಾಸರಗೋಡಿನ ಕಡೆ ತಿರುಗಿದರೆ ಕೇರಳದ ಇಲಾಖೆ ಇಂಥದ್ದನ್ನು ನೋಡಿಯೂ ನೋಡದಂತೆ ಬಿಡುವುದಿಲ್ಲ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಗಳನ್ನೇ.

ಪರದವರ ಇನ್ನೊಂದು ಮಾತು

ಸರಿ, ಫ್ರೇಮ್ ಕತ್ತರಿಸುವುದು ಬೇಡ, ಒಪ್ಪಿದೆವು. ಅರ್ಧ ಇಂಚು ಎತ್ತರಕ್ಕೂ ಎರಡು ಇಂಚು ಎತ್ತರಕ್ಕೂ ಒಂದೇ ಬೈಗುಳ ಎಂದರೆ ಮಾತ್ರ ಒಪ್ಪುವುದಿಲ್ಲ. ಸುಳ್ಯದಲ್ಲಿ, ಪುತ್ತೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಲೇತ್ ಹಿಡಿದು ಪಳಗಿದ ಕೈಗಳಿವೆ. ಅಳೆದು ತೂಗಿ ಮಾಡಿದ ಮಾರ್ಪಾಡನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಸುಲಭದ ದಾರಿಯೊಂದು ಜಿಲ್ಲೆಯಲ್ಲೇ ಇದ್ದಿದ್ದರೆ ಕದ್ದುಮುಚ್ಚಿ ಮಾಡಿಸುವವರು ಕಡಿಮೆಯಾಗುತ್ತಿದ್ದರು.

ವಿರೋಧದವರ ಉತ್ತರ

ಆ ದಾರಿ ಬರಲಿ, ನಾವೂ ಸ್ವಾಗತಿಸುತ್ತೇವೆ. ಬರುವ ತನಕ ಉದ್ದ ಬದಲಿಸದಿರುವುದೇ ಲೇಸು. ಹಳೆ ಶಾಕಿನ ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಅಳೆಯಿರಿ, ಹೊಸದೂ ಅಷ್ಟೇ ಇರಲಿ. ಎರಡೂ ಒಂದೇ ಜೊತೆಯದಾಗಿರಲಿ. ಮೂಟೆ ಹೇರುವ ದಿನ ಸ್ಪ್ರಿಂಗಿನ ಅಡಿಯ ಹಲ್ಲನ್ನು ಗಟ್ಟಿಯ ಕಡೆ ತಿರುಗಿಸಿ, ಒಬ್ಬರೇ ಹೋಗುವ ದಿನ ಹಿಂದಕ್ಕೆ ತನ್ನಿ. ಕಂಪನಿ ಆ ಹಲ್ಲು ಕೊಟ್ಟದ್ದು ಇದಕ್ಕೇ. ಮತ್ತೆ, ಅಂಗಡಿಗೆ ಹೋಗುವ ಮೊದಲು ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿ ನೋಡಿ. ಸ್ವಿಂಗ್ ಆರ್ಮಿನ ಬುಡದಲ್ಲಿ ಟಕ್ ಟಕ್ ಎಂದು ಆಡಿದರೆ ಬುಶ್ ಸವೆದಿದೆ ಎಂದು ಅರ್ಥ. ಹಳೆ ಬೈಕ್ ತಿರುವಿನಲ್ಲಿ ತೂರಾಡುವುದಕ್ಕೆ ಬಹಳ ಸಲ ಕಾರಣ ಇದೇ, ಯಾವ ಶಾಕ್ ಹಾಕಿದರೂ ಇದು ಸರಿಯಾಗುವುದಿಲ್ಲ. ಶಾಕಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಆ ಬುಶ್ ಹಾಕಿಸಿಕೊಳ್ಳಿ.