ಸೈಕಲ್ ಸವಾರಿ ಮತ್ತು ಬ್ರೇಕಿನ ಆರೋಗ್ಯ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ನೀಡಿತು. ವೈದ್ಯರ ಮಾತಿಗೆ ಕಿವಿಗೊಟ್ಟು ನಡುವಯಸ್ಸಿನಲ್ಲಿ ಮತ್ತೆ ಸೈಕಲ್ ಏರಿದವರು ಮುಂಬಯಿಯಲ್ಲೂ, ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲೂ ಕಾಣಸಿಗುತ್ತಾರೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ತಿಂಗಳಿಗೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುವ ಇವರಲ್ಲಿ, ಬ್ರೇಕಿನತ್ತ ಒಮ್ಮೆಯಾದರೂ ಬಗ್ಗಿ ನೋಡುವವರು ಎಷ್ಟು ಮಂದಿ? ಅದು ಅಂಗಡಿಯವನ ಕೆಲಸವೆಂಬ ಉದಾಸೀನ ಸಲ್ಲದು. ಬೆಳಗಿನ ಐದೂವರೆಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ.

ಊರಿನಲ್ಲಿ ಹಲವರು ಕಲಿತದ್ದು ಸರಳು ಬ್ರೇಕಿನ ದೊಡ್ಡ ಸೈಕಲ್ಲನ್ನು. ಅದರ ರಬ್ಬರು ರಿಮ್ಮನ್ನು ಒಳಗಡೆಯಿಂದ ಒತ್ತುತ್ತಿತ್ತು. ರಿಮ್ ಬ್ರೇಕಿನ ರೋಡ್ ಸೈಕಲ್ಲಿನಲ್ಲಾದರೋ ಕೇಬಲ್ಲು ಎಳೆದೊಡನೆ ಎರಡು ತೋಳುಗಳು ಇಕ್ಕಳದಂತೆ ರಿಮ್ಮಿನ ಇಬ್ಬದಿಯನ್ನೂ ಹಿಡಿಯುತ್ತವೆ. ಇಲ್ಲಿ ಹಳೆಯ ಅಭ್ಯಾಸವೊಂದೇ ಸಾಲದು.

ಮೊದಲು ಗಾಲಿಯನ್ನೆತ್ತಿ ತಿರುಗಿಸಬೇಕು. ಅದು ಅತ್ತಿತ್ತ ಓಲಾಡುತ್ತಿದ್ದರೆ ಕಡ್ಡಿಗಳನ್ನು ಬಲ್ಲವರಿಂದ ಸರಿಪಡಿಸುವವರೆಗೆ ಬ್ರೇಕು ಹೊಂದಲಾರದು. ರಬ್ಬರು ರಿಮ್ಮಿನ ಪಟ್ಟಿಯ ಮೇಲೆಯೇ ಪೂರ್ತಿಯಾಗಿ ಕೂರಬೇಕು. ಮೇಲಕ್ಕೆ ಸರಿದರೆ ಟೈರನ್ನು ತೇಯ್ದು ಸೀಳುತ್ತದೆ, ಕೆಳಕ್ಕೆ ಸರಿದರೆ ಕಡ್ಡಿಗಳತ್ತ ಜಾರುತ್ತದೆ. ರಿಮ್ಮಿಗೂ ರಬ್ಬರಿಗೂ ನಡುವೆ ಎರಡೂ ಕಡೆ ಸಮನಾಗಿ 1ರಿಂದ 2 ಮಿಲಿಮೀಟರ್ ಅಂತರವಿದ್ದರೆ ಒಳ್ಳೆಯದು. ಹಿಡಿಕೆಯನ್ನು ಬಲವಾಗಿ ಒತ್ತಿದಾಗ ಅದು ಹ್ಯಾಂಡಲ್ಲಿಗೆ ತಾಗಬಾರದು. ತಾಗಿದರೆ, ಕೇಬಲ್ಲು ಬ್ರೇಕಿನ ತೋಳನ್ನು ಸೇರುವಲ್ಲಿರುವ ಸಣ್ಣ ತಿರುಪನ್ನು ಬಿಚ್ಚುವ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಕೇಬಲ್ಲು ಬಿಗಿಯಾಗುತ್ತದೆ. ರಬ್ಬರಿನ ಗೀರುಗಳು ಮಾಸಿದ್ದರೆ, ಕೇಬಲ್ಲಿನ ಒಂದೇ ಒಂದು ಎಳೆ ಹರಿದಿದ್ದರೂ, ಹೊಸದನ್ನು ಹಾಕಿಸಲು ಜಿಪುಣತನ ತೋರಬಾರದು. ಸರಪಳಿಗೆ ಬಿಡುವ ಎಣ್ಣೆಯ ಹನಿ ರಿಮ್ಮಿಗೆ ತಗುಲಿದರೆ ಇಷ್ಟೂ ಶ್ರಮ ವ್ಯರ್ಥ.

ಇಷ್ಟಾದರೂ ಮಳೆಗಾಲದಲ್ಲಿ ಎಚ್ಚರಿಕೆ ಬೇಕು. ಒದ್ದೆಯಾದ ರಿಮ್ಮಿನ ನೀರನ್ನು ಒರೆಸುವುದರಲ್ಲೇ ಬ್ರೇಕಿನ ಮೊದಲ ಹಿಡಿತ ಕಳೆದುಹೋಗುವುದರಿಂದ, ಮೇಲ್ಸೇತುವೆಯ ಇಳಿಜಾರಿನಲ್ಲಿ ಬಹು ಮೊದಲೇ ಬ್ರೇಕು ಹಿಡಿಯತಕ್ಕದ್ದು. ನಿಲ್ಲಿಸುವಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕೇ ಹೆಚ್ಚು ಬಲವುಳ್ಳದ್ದು. ಅದಕ್ಕೆ ಹೆದರಿ ಹಿಂದಿನದನ್ನೊಂದೇ ನಂಬುವುದೂ ತಪ್ಪು, ಅದನ್ನು ಥಟ್ಟನೆ ಬಿಗಿಹಿಡಿಯುವುದೂ ತಪ್ಪು.

ರಸ್ತೆಬದಿಯ ಮೆಕ್ಯಾನಿಕ್ಕನ ಕಸುಬನ್ನು ಕಸಿಯಬೇಕೆಂಬುದು ಇದರ ಅರ್ಥವಲ್ಲ. ತನ್ನ ದೇಹದ ನಾಡಿಯನ್ನು ತಾನೇ ಹಿಡಿದು ನೋಡುವವನು ವೈದ್ಯನನ್ನು ಬಿಟ್ಟಂತಾಗುವುದಿಲ್ಲವಷ್ಟೆ. ವಾರದ 150 ನಿಮಿಷಗಳ ಜೊತೆಗೆ ಭಾನುವಾರದ ಹತ್ತು ನಿಮಿಷ ಬ್ರೇಕಿಗೂ ಸಲ್ಲಬೇಕು. ಕನ್ನಡ ಸಂಘಗಳು ಏರ್ಪಡಿಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆಯ ಪಕ್ಕದಲ್ಲೇ, ಸ್ಪ್ಯಾನರ್ ಹಿಡಿದ ಒಬ್ಬ ಮೆಕ್ಯಾನಿಕ್ಕನಿಗೂ ಒಂದು ಮೇಜು ಹಾಕಿಕೊಡುವುದು ಲೇಸು. ಹೃದಯವನ್ನು ಕಾಪಾಡಲೆಂದು ಹೊರಟವರು ಕ್ಷೇಮವಾಗಿ ಮನೆಗೆ ಮರಳುವುದೂ ಆರೋಗ್ಯದ ಮಾತೇ ತಾನೆ?