ಹಾಳೆಯ ಮೇಲಿದ್ದರೆ ಮಾತ್ರ ಶಾಸ್ತ್ರೀಯವೇ?

ಅಮೆರಿಕದ ಸ್ಟೀವ್ ರೈಶ್ ರಚಿಸಿದ 'ಡ್ರಮ್ಮಿಂಗ್' ಕೃತಿಯನ್ನು ತಾಳವಾದ್ಯ ತಂಡಗಳು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ನುಡಿಸುತ್ತವೆ. ಅದಕ್ಕೆ 'ಮಿನಿಮಲಿಸಂ', 'ಸಮಕಾಲೀನ ಶಾಸ್ತ್ರೀಯ ಸಂಗೀತ' ಎಂಬ ಬಿರುದುಗಳಿವೆ. ಘಾನಾದ ಎವೆ ಜನರ 'ಗಹು' ವಾದನ ಮಾತ್ರ 'ಜಾನಪದ'. ಅಲ್ಲೂ ಇರುವುದು ಲೆಕ್ಕ, ಕೈಚಳಕ, ಕಿವಿಯ ಎಚ್ಚರವೇ. ಗಂಟೆಯೊಂದು ತನ್ನ ಲಯದ ಸಾಲನ್ನು ಬಿಡದೆ ಹಿಡಿದಿರುತ್ತದೆ. ಡೋಲುಗಳು ಅದರ ಸುತ್ತ ತಮ್ಮ ತಮ್ಮ ಸಾಲು ಹೆಣೆಯುತ್ತವೆ. ಹಾಗಾದರೆ ಈ ಮೇಲು ಕೀಳು ಎಲ್ಲಿಂದ ಬಂತು?

ಕೇಳಿದರೆ ಉತ್ತರ ಸಿದ್ಧವಾಗಿದೆ: ಒಂದು ಬರೆದ ಸಂಗೀತ, ಇನ್ನೊಂದು ಕೇಳಿ ಕಲಿತದ್ದು. ಈ ಮಡಕೆಯನ್ನು ಸ್ವಲ್ಪ ತಟ್ಟಿ ನೋಡೋಣ.

1970ರ ಬೇಸಿಗೆಯಲ್ಲಿ ರೈಶ್ ಘಾನಾಕ್ಕೆ ಹೋಗಿ ಗಿಡಿಯನ್ ಅಲೊರ್ವೊಯೆ ಎಂಬ ಎವೆ ಉಸ್ತಾದರ ಮುಂದೆ ಕೂತು ಕಲಿತರು. ಮಲೇರಿಯಾ ಹಿಡಿದು ಬೇಗ ಮರಳಿದರು. 1971ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 'ಡ್ರಮ್ಮಿಂಗ್' ಮೊದಲ ಬಾರಿ ಕೇಳಿಸಿತು. ಅದರ ಬಂಡವಾಳ 12 ಮಾತ್ರೆಗಳ ಒಂದೇ ಸಾಲು. ಮೊದಲು ಒಂದೇ ಪೆಟ್ಟು, ಉಳಿದುದೆಲ್ಲ ಮೌನ. ಆ ಮೌನದ ಜಾಗಗಳಲ್ಲಿ ಒಂದೊಂದೇ ಪೆಟ್ಟು ಬಂದು ಕೂರುತ್ತದೆ. ಸಾಲು ತುಂಬಿದ ಮೇಲೆ, ಜೊತೆಗೆ ನುಡಿಸುವ ಇಬ್ಬರಲ್ಲಿ ಒಬ್ಬ ಕೂದಲೆಳೆಯಷ್ಟು ವೇಗ ಹೆಚ್ಚಿಸಿ ಇನ್ನೊಬ್ಬನಿಗಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತಾನೆ. ಬಾಂಗೋ, ಮರಿಂಬಾ, ಗ್ಲಾಕೆನ್‌ಸ್ಪೀಲ್ ಎಂದು ವಾದ್ಯ ಬದಲಾದರೂ ಸಾಲು ಅದೇ. ಹೀಗೆ ಸುಮಾರು ಒಂದು ಗಂಟೆ! ಬೇಸರ ಬರುತ್ತದೆನ್ನುವವರು ಇನ್ನೊಮ್ಮೆ ಕೇಳಲಿ.

ಆ ಮೊದಲ ತಂಡ ಇದನ್ನು ಕಲಿತದ್ದು ಹೇಗೆ? ಹಾಳೆ ಓದಿಯಲ್ಲ. ತಿಂಗಳುಗಟ್ಟಲೆ ರಿಹರ್ಸಲ್‌ನಲ್ಲಿ ರೈಶ್ ನುಡಿಸಿ ತೋರಿಸಿದರು, ಅವರು ಕೇಳಿ ನುಡಿಸಿದರು. ಉಸ್ತಾದ್–ಶಾಗಿರ್ದ್ ಪದ್ಧತಿ ಎಂದರೆ ಇದಲ್ಲದೆ ಮತ್ತೇನು? ಆ ತಂಡದಲ್ಲಿದ್ದ, ಅದೇ ವರ್ಷ ಹುಟ್ಟಿದ 'ನೆಕ್ಸಸ್' ತಾಳವಾದ್ಯ ತಂಡಕ್ಕೂ ಸೇರಿದ ರಸೆಲ್ ಹಾರ್ಟೆನ್‌ಬರ್ಗರ್ ನಮ್ಮ ಮೃದಂಗವನ್ನು ರಾಮನಾಡ್ ರಾಘವನ್ ಅವರಲ್ಲಿ, ತಬಲವನ್ನು ಬನಾರಸ್ ಘರಾನೆಯ ಶಾರದಾ ಸಹಾಯ್ ಅವರಲ್ಲಿ ಕಲಿತವರು. ಎವೆ ವಾದನವನ್ನೂ ಕಲಿತರು. ಗುರುಗಳ ಮುಂದೆ ಕೂತಾಗ ಇದು ಶಾಸ್ತ್ರೀಯ, ಅದು ಜಾನಪದ ಎಂದು ಅವರ ಕೈಗೆ ಗೊತ್ತಾಗುತ್ತಿತ್ತೇ?

ರೈಶ್ ಕದ್ದರೆಂಬ ಹಗುರ ಮಾತನ್ನು ನಾನು ಒಪ್ಪುವುದಿಲ್ಲ. ಗಹು ಬಗ್ಗೆ ಅವರೇ ಲೇಖನ ಬರೆದರು. ಎವೆ ಡೋಲುಗಳನ್ನು 'ಡ್ರಮ್ಮಿಂಗ್'ನಲ್ಲಿ ಬಳಸಲೂ ಇಲ್ಲ. ನನ್ನ ತಕರಾರಿರುವುದು ಹಣೆಪಟ್ಟಿ ಹಚ್ಚುವವರ ಮೇಲೆ. ಕೇಳಿ ಕಲಿತದ್ದು ನ್ಯೂಯಾರ್ಕಿನಲ್ಲಾದರೆ ಶಾಸ್ತ್ರೀಯ, ಘಾನಾದಲ್ಲಾದರೆ ಜಾನಪದ! ಅವರು ಒಂದು ಸಂಜೆ ಗಹುವನ್ನೂ 'ಡ್ರಮ್ಮಿಂಗ್' ಅನ್ನೂ ಒಂದೇ ವೇದಿಕೆಯಲ್ಲಿ ಇಡಲಿ. ಅಲೊರ್ವೊಯೆ ಅವರ ಹೆಸರನ್ನು ರೈಶ್ ಹೆಸರಿನಷ್ಟೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಲಿ.